ಕನ್ನಡದ ವಿದ್ಯಾರ್ಥಿಗೆ ಜಪಾನಿ ಕಲಿಸಲು ಎಐ ಬಳಸುವುದು ಹೇಗೆ? ಶಿಕ್ಷಕರಿಗೊಂದು ಮಾರ್ಗದರ್ಶಿ

ಜಪಾನಿನಲ್ಲಿ ಬೆಳಿಗ್ಗೆ ಮನೆಯಿಂದ ಹೊರಡುವವರು ಒಳಗಿರುವವರಿಗೆ ‘ಇತ್ತೆ ಕಿಮಸು’ ಎಂದು ಹೇಳಿ ಹೋಗುತ್ತಾರೆ. ‘ಇತ್ತೆ’ ಎಂದರೆ ಹೋಗಿ, ‘ಕಿಮಸು’ ಎಂದರೆ ಬರುತ್ತೇನೆ. ಒಳಗಿನಿಂದ ‘ಇತ್ತೆರಶ್ಶೈ’ ಎಂಬ ಉತ್ತರ ಬರುತ್ತದೆ, ಅದು ನಮ್ಮ ‘ಹೋಗಿ ಬನ್ನಿ’. ಇಂಗ್ಲಿಷಿನ ಮೂಲಕ ಇದನ್ನು ಕಲಿಸಲು ಅರ್ಧ ಪುಟದ ವಿವರಣೆ ಬೇಕಾಗುತ್ತದೆ. ಗುಬ್ಬಿಯಿಂದಲೋ ಕೊರಟಗೆರೆಯಿಂದಲೋ ಬಸ್ಸು ಹಿಡಿದು ತುಮಕೂರಿಗೆ ಬರುವ ವಿದ್ಯಾರ್ಥಿಗೆ ಯಾವ ವಿವರಣೆಯೂ ಬೇಡ, ಏಕೆಂದರೆ ಅವನು ಅಂದು ಬೆಳಿಗ್ಗೆಯೇ ತನ್ನ ತಾಯಿಗೆ ‘ಹೋಗಿ ಬರ್ತೀನಮ್ಮ’ ಎಂದು ಹೇಳಿ ಬಂದಿರುತ್ತಾನೆ.

ತುಮಕೂರಿನ ಸಂಜೆ ತರಗತಿಯೊಂದರಲ್ಲಿ ಜಪಾನಿ ಕಲಿಸುತ್ತಿರುವ ನಾನು ಈ ಮಾರ್ಗದರ್ಶಿಯನ್ನು ಬರೆಯಲು ಕಾರಣ ಇದೇ ಸಂಗತಿ. ಭಾರತದಲ್ಲಿ ಗುರುತಿಸಲಾಗಿರುವ ಜಪಾನಿ ಕೈಗಾರಿಕಾ ಟೌನ್‌ಶಿಪ್‌ಗಳಲ್ಲಿ ತುಮಕೂರೂ ಒಂದಾಗಿರುವುದರಿಂದ, ಐಟಿಐ ಮತ್ತು ಡಿಪ್ಲೊಮಾ ಮುಗಿಸಿದ ಯುವಕ ಯುವತಿಯರು ವಸಂತನರಸಾಪುರದ ಕಾರ್ಖಾನೆಗಳನ್ನೋ ಜಪಾನನ್ನೋ ಮನಸ್ಸಿನಲ್ಲಿಟ್ಟುಕೊಂಡು ಈ ಭಾಷೆಗೆ ಬರುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ, ಶಿಕ್ಷಕನಿಗೆ ದಣಿವರಿಯದ ಸಹಾಯಕನೊಬ್ಬ ಸಿಕ್ಕಂತಾಗಿದೆ ಎಂಬುದು ನಿಜ. ಆದರೆ ಆ ಸಹಾಯಕ ಓದಿ ಬೆಳೆದದ್ದು ಬಹುಪಾಲು ಇಂಗ್ಲಿಷಿನಲ್ಲಿ. ನಾವು ಎಚ್ಚರವಹಿಸದಿದ್ದರೆ ಜಪಾನಿಯನ್ನು ಅದು ಇಂಗ್ಲಿಷಿನ ಮೂಲಕವೇ ನಮ್ಮ ವಿದ್ಯಾರ್ಥಿಗೆ ತಲುಪಿಸುತ್ತದೆ, ಕನ್ನಡಕ್ಕೂ ಜಪಾನಿಗೂ ನಡುವೆ ಇರುವ ನೇರ ದಾರಿ ಮುಚ್ಚಿಹೋಗುತ್ತದೆ. ಆ ದಾರಿಯನ್ನು ತೆರೆದಿಟ್ಟುಕೊಂಡೇ ಜನರೇಟಿವ್ ಎಐಯನ್ನು, ಅಂದರೆ ಕೇಳಿದ್ದನ್ನು ಬರೆದುಕೊಡುವ ಇಂಥ ಯಂತ್ರವನ್ನು, ತರಗತಿಗೆ ತರುವ ಕ್ರಮವನ್ನು ಕೆಳಗೆ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಮೊಬೈಲ್ ತೆರೆಯುವ ಮೊದಲು ತಪ್ಪುಗಳ ಪುಸ್ತಕ ತೆರೆಯಿರಿ

ಇನ್ನೂರು ಪುಟದ ಒಂದು ನೋಟ್‌ಪುಸ್ತಕ ತೆಗೆದುಕೊಂಡು, ಎರಡು ವಾರ ನಿಮ್ಮ ವಿದ್ಯಾರ್ಥಿಗಳು ಬರೆಯುವ ಮತ್ತು ಆಡುವ ತಪ್ಪುಗಳನ್ನು ಇದ್ದಂತೆಯೇ ಬರೆದುಕೊಳ್ಳಿ. ಪ್ರತಿ ತಪ್ಪಿನ ಎದುರು, ಆ ವಿದ್ಯಾರ್ಥಿ ಹೇಳಹೊರಟಿದ್ದ ಕನ್ನಡ ವಾಕ್ಯವನ್ನೂ ಬರೆಯಿರಿ. ಈ ಎರಡನೆಯ ಕಾಲಮ್ಮೇ ಮುಖ್ಯ. ತಪ್ಪು ಎಲ್ಲಿಂದ ಬಂತೆಂಬುದು ಅದರಲ್ಲಿ ಕಾಣುತ್ತದೆ, ಮತ್ತು ಯಾವ ಯಂತ್ರಕ್ಕೂ ತಾನಾಗಿ ತಿಳಿಯದ ಮಾಹಿತಿ ಅದೊಂದೇ.

ಉದಾಹರಣೆಗೆ, ‘ತುಮಕೂರಿನಲ್ಲಿ ವಾಸವಾಗಿದ್ದೇನೆ’ ಮತ್ತು ‘ತುಮಕೂರಿನಲ್ಲಿ ಕೆಲಸ ಮಾಡುತ್ತೇನೆ’ ಎಂಬ ಎರಡು ವಾಕ್ಯಗಳನ್ನು ನೋಡಿ. ಕನ್ನಡಕ್ಕೆ ಎರಡೂ ಕಡೆ ಒಂದೇ ಸಪ್ತಮಿ ಸಾಕು. ಜಪಾನಿಯಲ್ಲಿ ಮೊದಲನೆಯದು ‘ತುಮಕೂರು ನಿ ಸುಂದೆ ಇಮಸು’, ಎರಡನೆಯದು ‘ತುಮಕೂರು ದೆ ಹತರಕಿಮಸು’. ಇರುವ ಜಾಗಕ್ಕೆ ‘ನಿ’, ಕೆಲಸ ನಡೆಯುವ ಜಾಗಕ್ಕೆ ‘ದೆ’. ಮೇಲಾಗಿ ‘ಬಸ್ಸಿನಲ್ಲಿ ಹೋಗುತ್ತೇನೆ’ ಎನ್ನುವಾಗಲೂ ನಮ್ಮದು ಅದೇ ‘ಅಲ್ಲಿ’, ಅವರದು ‘ಬಸು ದೆ’. ಕನ್ನಡಿಗ ಕಲಿಯುವವನು ಎಡವುವುದು ಇಲ್ಲಿಯೇ.

ಇನ್ನೊಂದು, ‘ನನಗೆ ಚಹಾ ಇಷ್ಟ’ ಎಂಬುದು. ‘ಗೆಳೆಯನಿಗೆ ಕೊಡುತ್ತೇನೆ’ ಎನ್ನುವಲ್ಲಿನ ‘ಗೆ’ಗೆ ಜಪಾನಿಯಲ್ಲಿ ‘ನಿ’ ಎಂದು ಕಲಿತ ವಿದ್ಯಾರ್ಥಿ, ಅದೇ ನಿಯಮ ಹಿಡಿದು ‘ವತಶಿ ನಿ’ ಎಂದು ಆರಂಭಿಸುತ್ತಾನೆ. ಆದರೆ ಸರಿಯಾದ ವಾಕ್ಯ ‘ವತಶಿ ವ ಒಚ ಗ ಸುಕಿ ದೆಸು’. ಈ ತಪ್ಪು ಅಜ್ಞಾನದಿಂದ ಬಂದದ್ದಲ್ಲ. ಅವನು ತನ್ನ ಭಾಷೆಯ ವಿಭಕ್ತಿಯನ್ನು ಶ್ರದ್ಧೆಯಿಂದ ಪಾಲಿಸಿದ್ದರಿಂದ ಬಂದದ್ದು, ಆದ್ದರಿಂದ ಅದನ್ನು ತಿದ್ದುವಾಗ ಗೌರವದಿಂದಲೇ ತಿದ್ದಬೇಕು.

ಪುಸ್ತಕದ ಹಿಂಬದಿಯಲ್ಲಿ ಇನ್ನೊಂದು ಪಟ್ಟಿ ಇರಲಿ: ಕನ್ನಡ ಗೊತ್ತಿರುವುದರಿಂದಲೇ ಸುಲಭವಾಗುವ ಸಂಗತಿಗಳದ್ದು. ‘ತಬೆತೆ ಮಿರು’ ಎಂದರೆ ಅಕ್ಷರಶಃ ‘ತಿಂದು ನೋಡು’, ಅಂದರೆ ರುಚಿ ನೋಡುವುದು. ‘ತಬೆತೆ ಶಿಮಉ’ ಎಂದರೆ ‘ತಿಂದುಬಿಡು’. ‘ಕತ್ತೆ ಒಕು’ ಎಂದರೆ ‘ಕೊಂಡಿಡು’, ‘ಒಕು’ ಎಂಬುದು ನಮ್ಮ ‘ಇಡು’ವೇ. ಈ ಕೊನೆಯದನ್ನು ಹೇಳಿದಾಗ ತರಗತಿಯೆಲ್ಲ ನಗುತ್ತದೆ, ಮತ್ತು ನಕ್ಕವರು ಅದನ್ನು ಮರೆಯುವುದಿಲ್ಲ. ಕ್ರಿಯಾಪದ ಕೊನೆಗೆ ಬರುವುದು, ನಾಮಪದದ ಹಿಂದೆ ಪ್ರತ್ಯಯ ಹತ್ತುವುದು, ‘ನಾನೂ’ ಎಂಬುದು ‘ವತಶಿ ಮೊ’ ಆಗುವುದು, ‘ನಿನ್ನೆ ಕೊಂಡ ಪುಸ್ತಕ’ದಲ್ಲಿ ಕೊಂಡದ್ದು ಪುಸ್ತಕಕ್ಕಿಂತ ಮೊದಲೇ ಬರುವುದು, ಇವೆಲ್ಲ ಆ ಪಟ್ಟಿಗೆ ಸೇರುತ್ತವೆ.

ಎರಡನೆಯ ಹೆಜ್ಜೆ: ಪ್ರಾಂಪ್ಟ್ (ಯಂತ್ರಕ್ಕೆ ಕೊಡುವ ಸೂಚನೆ) ಬರೆಯುವುದು

ಚಾಟ್‌ಜಿಪಿಟಿ, ಜೆಮಿನಿ ಮೊದಲಾದವು ಮೂಲತಃ ಮಾಡುವ ಕೆಲಸ ಒಂದೇ: ಇದುವರೆಗಿನ ಬರಹ ನೋಡಿ ಮುಂದೆ ಬರಬಹುದಾದ ತುಣುಕನ್ನು ಅಂದಾಜಿಸುವುದು. ನೀವು ಏನನ್ನೂ ಹೇಳದಿದ್ದರೆ ಅವು ಅತಿ ಹೆಚ್ಚು ಕಂಡಿರುವ ಕಲಿಕಾರ್ಥಿಯನ್ನು, ಅಂದರೆ ಇಂಗ್ಲಿಷ್ ಬಲ್ಲವನನ್ನು, ಎದುರಿಗಿಟ್ಟುಕೊಂಡು ಬರೆಯುತ್ತವೆ. ಆದ್ದರಿಂದ ಎದುರಿಗೆ ಯಾರಿದ್ದಾರೆಂಬುದನ್ನು ನೀವೇ ಹೇಳಬೇಕು. ‘ಜಪಾನಿ ವ್ಯಾಕರಣದ ಅಭ್ಯಾಸ ಕೊಡು’ ಎಂದು ಕೇಳುವ ಬದಲು ಹೀಗೆ ಕೇಳಿ (ಇದರಲ್ಲಿ ಬರುವ ಹಿರಗನ ಮತ್ತು ಕತಕನ ಜಪಾನಿಯ ಉಚ್ಚಾರಣೆ ಬರೆಯುವ ಎರಡು ಲಿಪಿಗಳು, ಕಾಂಜಿ ಎಂದರೆ ಚೀನೀ ಮೂಲದ, ಅರ್ಥ ಸೂಚಿಸುವ ಅಕ್ಷರಗಳು):

‘ನಾನು ತುಮಕೂರಿನಲ್ಲಿ ಜಪಾನಿ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳ ಮಾತೃಭಾಷೆ ಕನ್ನಡ. ಅವರು ಮೂರು ತಿಂಗಳಿಂದ ಕಲಿಯುತ್ತಿದ್ದಾರೆ, ಹಿರಗನ ಮತ್ತು ಕತಕನ ಓದಬಲ್ಲರು, ಕಾಂಜಿ ಬಾರದು. ಕನ್ನಡದ “ಅಲ್ಲಿ” ಎಂಬ ಒಂದೇ ಪ್ರತ್ಯಯಕ್ಕೆ ಜಪಾನಿಯಲ್ಲಿ “ನಿ” ಮತ್ತು “ದೆ” ಎಂಬ ಎರಡು ಇರುವುದರಿಂದ ಅವರು ತಪ್ಪು ಮಾಡುತ್ತಾರೆ. ಈ ವ್ಯತ್ಯಾಸ ಅಭ್ಯಾಸ ಮಾಡಿಸುವ ಹನ್ನೆರಡು ಜಪಾನಿ ವಾಕ್ಯಗಳನ್ನು, ಪ್ರತ್ಯಯದ ಜಾಗ ಖಾಲಿ ಬಿಟ್ಟು, ಹಿರಗನ ಮತ್ತು ಕತಕನದಲ್ಲಿ ಮಾತ್ರ ಬರೆ. ಕೆಳಗಿನ ನಲವತ್ತು ಪದಗಳನ್ನು ಬಿಟ್ಟು ಬೇರೆ ಪದ ಬಳಸಬೇಡ. ಮನೆ, ಬಸ್ ನಿಲ್ದಾಣ, ಕಾರ್ಖಾನೆ, ತೋಟ ಈ ನಾಲ್ಕು ಸ್ಥಳಗಳು ಬರಲಿ. ರೋಮನ್ ಅಕ್ಷರ ಬೇಡ, ಇಂಗ್ಲಿಷ್ ವಿವರಣೆ ಬೇಡ. ಉತ್ತರಗಳನ್ನು ಕೊನೆಯಲ್ಲಿ ಬೇರೆಯಾಗಿ ಕೊಡು.’

ಈ ಪ್ರಾಂಪ್ಟಿನಲ್ಲಿ ನಲವತ್ತು ಪದಗಳ ಪಟ್ಟಿಯನ್ನು ನೀವೇ ಕೊಡುತ್ತೀರಿ ಎಂಬುದನ್ನು ಗಮನಿಸಿ. ‘ಎನ್5 ಮಟ್ಟದ ಪದಗಳನ್ನು ಮಾತ್ರ ಬಳಸು’ ಎಂದರೆ ಸಾಲದು. ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಾದ ಜೆಎಲ್‌ಪಿಟಿ 1984ರಲ್ಲಿ ಆರಂಭವಾಗಿ, 2010ರಲ್ಲಿ ಎನ್5ರಿಂದ ಎನ್1ರವರೆಗಿನ ಐದು ಮಟ್ಟಗಳ ಈಗಿನ ರೂಪ ಪಡೆಯಿತು. ಆ ಬದಲಾವಣೆಯ ನಂತರ, ಯಾವ ಮಟ್ಟಕ್ಕೆ ಯಾವ ಪದ, ಯಾವ ಕಾಂಜಿ ಎಂಬ ಅಧಿಕೃತ ಪಟ್ಟಿಯನ್ನು ಪರೀಕ್ಷೆ ನಡೆಸುವವರು ಪ್ರಕಟಿಸುತ್ತಿಲ್ಲ. ಕೇಳಿದರೆ ಯಂತ್ರವು ‘ಎನ್5ರ ಅಧಿಕೃತ ಪಟ್ಟಿ’ ಎಂದು ತಲೆಬರಹ ಹಾಕಿ ಕೊಟ್ಟೀತು, ಆದರೆ ಅಂಥದೊಂದು ಇಲ್ಲವೇ ಇಲ್ಲ. ನಿಮ್ಮ ಪಠ್ಯಪುಸ್ತಕದ ಮುಗಿದ ಪಾಠಗಳ ಪದಗಳೇ ನಿಮ್ಮ ಪಟ್ಟಿ.

ಪ್ರಾಂಪ್ಟನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ವಾಕ್ಯಗಳ ಕನ್ನಡ ಅರ್ಥವನ್ನು ಯಂತ್ರದಿಂದ ಬರೆಸಬೇಡಿ, ನೀವೇ ಬರೆಯಿರಿ. ‘ನೀನು ಎಲ್ಲಿಗೆ ಹೋಗುತ್ತಿರುವೆ?’ ಎಂಬ ಧಾಟಿಯ ಕನ್ನಡವನ್ನು ಅದು ಕೊಟ್ಟರೆ, ವಿದ್ಯಾರ್ಥಿ ಆ ‘ನೀನು’ವನ್ನು ಹಿಡಿದು ಜಪಾನಿಯಲ್ಲೂ ‘ಅನತ’ ಸೇರಿಸುತ್ತಾನೆ. ಜಪಾನಿಯರು ಎದುರಿನವರನ್ನು ‘ಅನತ’ ಎಂದು ಕರೆಯುವುದನ್ನು ಸಾಮಾನ್ಯವಾಗಿ ತಪ್ಪಿಸಿ, ಹೆಸರಿಗೆ ‘ಸನ್’ ಸೇರಿಸುತ್ತಾರೆ ಇಲ್ಲವೇ ಕರ್ತೃಪದವನ್ನೇ ಬಿಟ್ಟುಬಿಡುತ್ತಾರೆ. ನಾವು ಬೀದಿಯಲ್ಲಿ ‘ಎಲ್ಲಿಗೆ ಹೋಗ್ತಿದೀರಾ?’ ಎನ್ನುವುದೂ ಹಾಗೆಯೇ ಅಲ್ಲವೇ? ‘ದೊಕೊ ಎ ಇಕಿಮಸು ಕ’ ಎಂಬುದಕ್ಕೆ ಅದೇ ಸರಿಯಾದ ಕನ್ನಡ. ಅವರ ಕೊನೆಯ ‘ಕ’, ‘ಬಂದರಾ?’ ಎನ್ನುವಲ್ಲಿ ನಮ್ಮ ಕೊನೆಯ ‘ಆ’ ಮಾಡುವ ಕೆಲಸವನ್ನೇ ಮಾಡುತ್ತದೆ.

ಮೂರನೆಯ ಹೆಜ್ಜೆ: ಜೆರಾಕ್ಸ್ ಅಂಗಡಿಗೆ ಹೋಗುವ ಮೊದಲಿನ ಪರಿಶೀಲನೆ

ಈ ಹೆಜ್ಜೆಯನ್ನು ಬಿಟ್ಟು ನಾನೇ ಒಮ್ಮೆ ಕೆಟ್ಟ ಅನುಭವ ಪಡೆದಿದ್ದೇನೆ. ತಾರೀಖುಗಳ ಅಭ್ಯಾಸಕ್ಕೆಂದು ಚಾಟ್‌ಬಾಟ್ ಒಂದರಿಂದ ಹಾಳೆ ಬರೆಸಿ, ಸಮಯವಿಲ್ಲವೆಂದು ಮೇಲೆ ಮೇಲೆ ನೋಡಿ, ಇಪ್ಪತ್ತನಾಲ್ಕು ಪ್ರತಿ ತೆಗೆಸಿ ಹಂಚಿದೆ. ‘ಒಂದು’ ಮತ್ತು ‘ದಿನ’ ಎಂಬ ಎರಡು ಕಾಂಜಿಗಳು ಒಟ್ಟಿಗೆ ಬಂದಾಗ ‘ಒಂದು ದಿನ’ ಎಂಬ ಅರ್ಥದಲ್ಲಿ ‘ಇಚಿನಿಚಿ’ ಎಂದು ಓದಬೇಕು, ‘ತಿಂಗಳ ಒಂದನೆಯ ತಾರೀಖು’ ಎಂಬ ಅರ್ಥದಲ್ಲಿ ‘ತ್ಸುಇತಚಿ’ ಎಂದು ಓದಬೇಕು. ಹಾಳೆಯಲ್ಲಿ ತಾರೀಖಿನ ಜಾಗದಲ್ಲೂ ‘ಇಚಿನಿಚಿ’ ಎಂಬ ಓದು ಇತ್ತು. ವಿದ್ಯಾರ್ಥಿಗಳು ಅದನ್ನು ಮನೆಗೆ ಒಯ್ದು ನಿಷ್ಠೆಯಿಂದ ಬಾಯಿಪಾಠ ಮಾಡಿಕೊಂಡು ಬಂದರು. ಒಮ್ಮೆ ನಾಲಿಗೆಯ ಮೇಲೆ ಕೂತದ್ದನ್ನು ಇಳಿಸಲು ಎರಡು ವಾರ ಬೇಕಾಯಿತು. ಯಂತ್ರ ತಪ್ಪು ಮಾಡಿದ್ದು ಹೌದು, ಆದರೆ ಹಾಳೆಗೆ ಹೊಣೆ ನನ್ನದೇ ಆಗಿತ್ತು.

ಆದ್ದರಿಂದ ಪ್ರತಿ ಹಾಳೆಯನ್ನೂ ಮೂರು ಬಾರಿ ಓದಿ, ಪ್ರತಿ ಬಾರಿಯೂ ಒಂದನ್ನು ಮಾತ್ರ ನೋಡಿ. ಮೊದಲ ಬಾರಿ ಓದುಗಳು: ಕಾಂಜಿಯ ಮೇಲೆ ಬರೆದ ಹಿರಗನ ಸರಿಯೇ, ತಾರೀಖು ಮತ್ತು ಎಣಿಕೆಯ ಪದಗಳು ಸರಿಯೇ ಎಂದು ನಿಘಂಟು ತೆರೆದಿಟ್ಟುಕೊಂಡು ನೋಡಬೇಕು. ಎರಡನೆಯ ಬಾರಿ ಗೌರವದ ಮಟ್ಟ: ಒಂದೇ ಸಂಭಾಷಣೆಯಲ್ಲಿ ಗೌರವದ ‘ಮಸು’ ರೂಪವೂ ಗೆಳೆಯರ ನಡುವಿನ ರೂಪವೂ ಕಲಸಿಹೋಗಿವೆಯೇ ಎಂದು ನೋಡಬೇಕು. ತನ್ನ ತಾಯಿಯ ಬಗ್ಗೆ ಹೊರಗಿನವರೊಡನೆ ಮಾತನಾಡುವಾಗ ‘ಹಹ’, ಅವರ ತಾಯಿಯನ್ನು ಕುರಿತು ‘ಒಕಾಸನ್’ ಎನ್ನಬೇಕೆಂಬ ಭೇದವನ್ನು ಇಲ್ಲಿಯೇ ಪರಿಶೀಲಿಸಬಹುದು. ಮೂರನೆಯ ಬಾರಿ ಖಾಲಿ ಜಾಗಗಳು: ಒಂದು ಖಾಲಿ ಜಾಗಕ್ಕೆ ಎರಡು ಉತ್ತರಗಳು ಸರಿಹೊಂದುವಂತಿದ್ದರೆ ಆ ವಾಕ್ಯವನ್ನು ತೆಗೆದುಹಾಕಿ. ‘ಇದು ಸರಿಯೇ?’ ಎಂದು ಅದೇ ಯಂತ್ರವನ್ನು ಕೇಳುವುದು ಪರಿಶೀಲನೆ ಆಗುವುದಿಲ್ಲ, ಏಕೆಂದರೆ ನೀವು ಸಂಶಯದ ಧ್ವನಿಯಲ್ಲಿ ಕೇಳಿದರೆ ಅದು ಸರಿಯಿದ್ದದ್ದನ್ನೂ ತಪ್ಪೆಂದು ಒಪ್ಪಿಕೊಂಡು ಬದಲಾಯಿಸಿಬಿಡಬಹುದು.

ಜಪಾನಿ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಡು ಎಂದು ಕೇಳುವವರಿಗೆ ಒಂದು ಎಚ್ಚರಿಕೆ. ನನ್ನ ಅನುಭವದಲ್ಲಿ ಈ ಕೆಲಸವನ್ನು ಯಂತ್ರ ರೋಮನ್ ಅಕ್ಷರಗಳ ಹಾದಿಯಲ್ಲಿ ಮಾಡಿದಂತೆ ಕಾಣುತ್ತದೆ: ‘ಅರಿಗತೋ’ ಎಂಬುದು ‘ಅರಿಗಾಟೊ’ ಆಗುತ್ತದೆ, ಇಲ್ಲದ ದೀರ್ಘ ಬರುತ್ತದೆ, ಇರುವ ದೀರ್ಘ ಹೋಗುತ್ತದೆ, ಹಲ್ಲಿನ ‘ತ’ ಹೋಗಿ ‘ಟ’ ಬರುತ್ತದೆ. ಇದು ಸಣ್ಣ ನಷ್ಟವಲ್ಲ. ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ತಿಂಗಳ ನಾಲ್ಕನೆಯ ತಾರೀಖು ‘ಯೊಕ್ಕ’, ಎಂಟನೆಯದು ‘ಯೋಕ’. ಹ್ರಸ್ವ, ದೀರ್ಘ, ಒತ್ತಕ್ಷರ ಈ ಮೂರನ್ನೂ ಒಂದನೆಯ ತರಗತಿಯಲ್ಲೇ ಕಲಿತು ‘ಕತೆ’ಗೂ ‘ಕತ್ತೆ’ಗೂ ವ್ಯತ್ಯಾಸ ಬಲ್ಲ ಕನ್ನಡದ ಮಗುವಿಗೆ ಇದು ಹುಟ್ಟಿನಿಂದ ಬಂದ ಅನುಕೂಲ. ಅದನ್ನು ರೋಮನ್ ಅಕ್ಷರದಲ್ಲಿ ಕಳೆದುಕೊಳ್ಳಬಾರದು. ಹಿರಗನ ಮತ್ತು ಕತಕನದಲ್ಲಿ ತಲಾ 46 ಮೂಲ ಅಕ್ಷರಗಳಷ್ಟೇ ಇರುವುದರಿಂದ, ಮೊದಲ ತಿಂಗಳಲ್ಲೇ ಅವನ್ನು ಕಲಿಸಿ ನೇರವಾಗಿ ಓದಿಸುವುದೇ ಮೇಲು.

ನಾಲ್ಕನೆಯ ಹೆಜ್ಜೆ: ಮಾತಿನ ಅಭ್ಯಾಸ

ಎಐಯಿಂದ ನನಗೆ ಅತಿ ಹೆಚ್ಚು ಉಪಯೋಗವಾಗಿರುವುದು ಇಲ್ಲಿಯೇ. ಜೆಎಲ್‌ಪಿಟಿಯಲ್ಲಿ ಮಾತನಾಡುವ ಪರೀಕ್ಷೆ ಇಲ್ಲ, ಓದು ಮತ್ತು ಆಲಿಸುವಿಕೆಗೆ ಆಯ್ಕೆಯ ಉತ್ತರಗಳಷ್ಟೇ. ಆದ್ದರಿಂದ ಪರೀಕ್ಷೆ ಪಾಸಾದವರು ಸಂದರ್ಶನದಲ್ಲಿ ಮೌನವಾಗಿ ಕೂರುವುದನ್ನು ನಾವು ನೋಡುತ್ತೇವೆ. ಜಪಾನ್ 2019ರ ಏಪ್ರಿಲ್‌ನಲ್ಲಿ ಆರಂಭಿಸಿದ ನಿರ್ದಿಷ್ಟ ಕುಶಲ ಕೆಲಸಗಾರರ ವೀಸಾಕ್ಕೆ ಸಾಮಾನ್ಯವಾಗಿ ಜೆಎಲ್‌ಪಿಟಿಯ ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಎಂಬ ಇನ್ನೊಂದು ಜಪಾನಿ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆ ಬೇಕು. ಆದರೆ ಕೆಲಸ ಕೊಡುವವರು ಮಾತನಾಡಿಸಿಯೇ ನೋಡುತ್ತಾರೆ.

ತರಗತಿಯಲ್ಲಿ ಇಬ್ಬರಿಗೆ ಒಂದು ಮೊಬೈಲ್ ಸಾಕು, ನಿಜವಾಗಿ ಹಾಗಿದ್ದರೇ ಒಳ್ಳೆಯದು. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಕಾಗದದ ಮೇಲೆ ಗುರುತು ಹಾಕಿಕೊಳ್ಳಲಿ. ಯಂತ್ರಕ್ಕೆ ಪಾತ್ರವನ್ನು ಮೊದಲೇ ಕೊಡಿ: ‘ನೀನು ಕಾರ್ಖಾನೆಯ ಸಂದರ್ಶಕ. ಒಂದು ಬಾರಿಗೆ ಒಂದೇ ಪ್ರಶ್ನೆ ಕೇಳು. ಹತ್ತು ಪದಕ್ಕಿಂತ ಉದ್ದದ ವಾಕ್ಯ ಬೇಡ. ಮಸು ರೂಪದಲ್ಲೇ ಮಾತನಾಡು. ನಾನು ತಪ್ಪಿದರೆ ನಡುವೆ ತಿದ್ದಬೇಡ, ಎಂಟು ಪ್ರಶ್ನೆಗಳ ನಂತರ ಎರಡು ತಪ್ಪುಗಳನ್ನು ಮಾತ್ರ ಹೇಳು.’ ಎರಡೇ ಏಕೆಂದರೆ, ಹತ್ತು ತಪ್ಪುಗಳನ್ನು ಒಮ್ಮೆಲೇ ಕೇಳಿಸಿಕೊಂಡವರು ಮರುದಿನ ಬಾಯಿ ತೆರೆಯಲು ಅಂಜುತ್ತಾರೆ. ಮಧುಗಿರಿ ಕಡೆಯಿಂದ ಬರುವ, ತರಗತಿಯಲ್ಲಿ ನಾಲ್ಕು ತಿಂಗಳು ತಲೆ ಎತ್ತದಿದ್ದ ಒಬ್ಬ ಹುಡುಗಿ, ಈ ಅಭ್ಯಾಸದಲ್ಲಿ ತನ್ನ ಊರಿನ ಏಕಶಿಲಾ ಬೆಟ್ಟದ ಬಗ್ಗೆ ಐದು ನಿಮಿಷ ಮಾತನಾಡಿದಳು. ಯಂತ್ರದ ಮುಂದೆ ಅವಳಿಗೆ ನಾಚಿಕೆಯಾಗಲಿಲ್ಲ, ಅಷ್ಟೇ. ಆದರೆ ಮರುವಾರ ಅದೇ ಮಾತನ್ನು ಅವಳಿಂದ ತರಗತಿಯ ಮುಂದೆ ಆಡಿಸುವುದು ನನ್ನ ಕೆಲಸವಾಗಿತ್ತು, ಯಂತ್ರದ್ದಲ್ಲ.

ಉಚ್ಚಾರಣೆಯ ವಿಷಯದಲ್ಲಿ ಮಾತ್ರ ಯಂತ್ರದ ತೀರ್ಪನ್ನು ನಂಬಬೇಡಿ. ಮಾತನ್ನು ಅಕ್ಷರಕ್ಕಿಳಿಸುವ ವ್ಯವಸ್ಥೆ ಸಂದರ್ಭಕ್ಕೆ ಹೊಂದುವ ಪದವನ್ನೇ ಊಹಿಸುವುದರಿಂದ, ವಿದ್ಯಾರ್ಥಿ ‘ಯೊಕ’ ಎಂದು ಅರೆಬರೆ ಹೇಳಿದ್ದನ್ನೂ ‘ಯೋಕ’ ಎಂದು ಕೇಳಿಸಿಕೊಂಡು ಮುಂದುವರಿಯಬಹುದು. ತಪ್ಪನ್ನು ಹಿಡಿಯಬೇಕಾದದ್ದು ಪಕ್ಕದಲ್ಲಿ ಕುಳಿತ ಸಹಪಾಠಿಯ ಕಿವಿ ಮತ್ತು ನಿಮ್ಮ ಕಿವಿ.

ಐದನೆಯ ಹೆಜ್ಜೆ: ಬರಹ ತಿದ್ದುವುದು

ವಿದ್ಯಾರ್ಥಿಯ ಪ್ರಬಂಧವನ್ನು ಹಾಕಿ ‘ತಿದ್ದು’ ಎಂದರೆ ಯಂತ್ರ ಅದನ್ನು ಹೊಸದಾಗಿಯೇ ಬರೆದುಬಿಡುತ್ತದೆ. ಬಂದದ್ದು ಚೆನ್ನಾಗಿರುತ್ತದೆ, ಆದರೆ ಅದು ವಿದ್ಯಾರ್ಥಿಯದಲ್ಲ. ‘ತಪ್ಪಿರುವ ಸಾಲಿನ ಸಂಖ್ಯೆ ಮಾತ್ರ ಹೇಳು, ಸರಿ ರೂಪ ಹೇಳಬೇಡ’ ಎಂದು ಕೇಳಿ. ವಿದ್ಯಾರ್ಥಿ ತಾನೇ ಹುಡುಕಿ ಕೆಂಪು ಪೆನ್ನಿನಲ್ಲಿ ತಿದ್ದಲಿ, ನಂತರ ನೀವು ನೋಡಿ. ಮೂರು ತಿಂಗಳೊಳಗಿನ ಆರಂಭಿಕರಿಗೆ ಇದೂ ಬೇಡ, ಅವರ ಹತ್ತು ಸಾಲುಗಳನ್ನು ನೀವು ಕೈಯಲ್ಲೇ ತಿದ್ದುವುದು ವೇಗವಾಗಿಯೂ ಆಗುತ್ತದೆ, ತಪ್ಪುಗಳ ಪುಸ್ತಕಕ್ಕೂ ಸರಕು ಸಿಗುತ್ತದೆ.

ಮನೆಗೆಲಸವನ್ನು ಯಂತ್ರ ಬರೆಯಿತೇ ಎಂದು ಪತ್ತೆಹಚ್ಚುವ ಸಾಧನಗಳ ಮೇಲೆ ಭರವಸೆ ಇಡಬೇಡಿ. ಓಪನ್‌ಎಐ ಸಂಸ್ಥೆಯೇ ತಾನು ತಂದಿದ್ದ ಪತ್ತೆ ಸಾಧನವನ್ನು ನಿಖರತೆ ಕಡಿಮೆಯೆಂದು 2023ರ ಜುಲೈಯಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಹಲವು ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕೂ ಹೆಚ್ಚನ್ನು ಅವು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದ್ದವು. ಪರಭಾಷೆಯನ್ನು ಸರಳ ಪದಗಳಲ್ಲಿ ಪ್ರಾಮಾಣಿಕವಾಗಿ ಬರೆದ ವಿದ್ಯಾರ್ಥಿಯ ಮೇಲೆ ಕಳ್ಳತನದ ಅಪವಾದ ಹೊರಿಸುವುದಕ್ಕಿಂತ ದೊಡ್ಡ ಅನ್ಯಾಯ ತರಗತಿಯಲ್ಲಿ ಇನ್ನೊಂದಿಲ್ಲ. ಅಂಕ ಕೊಡುವ ಬರಹವನ್ನು ತರಗತಿಯಲ್ಲೇ ಕೈಯಲ್ಲಿ ಬರೆಸಿ, ಬರೆದುದರ ಬಗ್ಗೆ ಎರಡು ಪ್ರಶ್ನೆ ಕೇಳಿ. ಸಂಶಯಕ್ಕೆ ಜಾಗವೇ ಉಳಿಯುವುದಿಲ್ಲ.

ವಯಸ್ಸು ಮತ್ತು ಖಾಸಗಿ ವಿವರ

ಯುನೆಸ್ಕೊ 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ತರಗತಿಯಲ್ಲಿ ಇಂಥ ಸಾಧನ ಬಳಸಲು ಕನಿಷ್ಠ 13 ವರ್ಷ ಎಂಬ ಮಿತಿಯನ್ನು ಸೂಚಿಸಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಪಿಯು ವಿದ್ಯಾರ್ಥಿಗಳಿದ್ದರೆ ಪೋಷಕರಿಂದ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಿರಿ, ಅಥವಾ ನಿಮ್ಮ ಖಾತೆಯನ್ನಷ್ಟೇ ಬಳಸಿ. ಸಂದರ್ಶನದ ಅಭ್ಯಾಸಕ್ಕೆ ನಿಜವಾದ ಹೆಸರು, ಆಧಾರ್ ಸಂಖ್ಯೆ, ಪಾಸ್‌ಪೋರ್ಟ್ ಪ್ರತಿ ಯಾವುದನ್ನೂ ಹಾಕಬಾರದು. ಸುಳ್ಳು ಹೆಸರೊಂದನ್ನು ಇಟ್ಟುಕೊಂಡರೆ ಸಾಕು.

ಜರ್ಮನ್ ಕಲಿಸುವವರಿಗೆ

ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಟವರಿಗೆ ಕಲಿಸುವ ಸ್ನೇಹಿತರೂ ಇದೇ ಕ್ರಮವನ್ನು ಅನುಸರಿಸಬಹುದು, ಪುಸ್ತಕದ ಪಟ್ಟಿಗಳಷ್ಟೇ ಬೇರೆಯಾಗುತ್ತವೆ. ಕನ್ನಡದ ಲಿಂಗ ಅರ್ಥವನ್ನು ಹಿಂಬಾಲಿಸುತ್ತದೆ, ಜರ್ಮನ್ನಿನದು ಪದವನ್ನು. ಅಲ್ಲಿ ‘ಹುಡುಗಿ’ ಎಂಬ ಪದವೇ ನಪುಂಸಕಲಿಂಗ. ಇದು ಕಷ್ಟದ ಪಟ್ಟಿಗೆ. ಆದರೆ ‘ದಾತಿಫ್’ ಎಂದರೇನೆಂದು ಇಂಗ್ಲಿಷಿನಲ್ಲಿ ಹೆಣಗಾಡುವ ಬದಲು ‘ರೋಗಿಗೆ ಔಷಧಿ ಕೊಡುತ್ತೇನೆ’ ಎಂಬ ವಾಕ್ಯದ ‘ಗೆ’ಯನ್ನು ತೋರಿಸಿದರೆ, ಶಾಲೆಯಲ್ಲಿ ಚತುರ್ಥಿ ವಿಭಕ್ತಿ ಕಲಿತ ಹುಡುಗಿಗೆ ಕೂಡಲೇ ತಿಳಿಯುತ್ತದೆ. ಪ್ರಾಂಪ್ಟಿನಲ್ಲೂ ಆ ವಾಕ್ಯವನ್ನೇ ಕೊಡಿ.

ಕೊನೆಯ ಹೆಜ್ಜೆ: ಪುಸ್ತಕಕ್ಕೆ ಮರಳುವುದು

ಪ್ರತಿ ಹಾಳೆಯನ್ನು ಬಳಸಿದ ದಿನ, ಯಾವ ತಪ್ಪಿಗಾಗಿ ಅದನ್ನು ಮಾಡಿಸಿದಿರೋ ಆ ಸಾಲಿನ ಎದುರು ತಾರೀಖು ಬರೆದು, ಎಷ್ಟು ಜನ ಇನ್ನೂ ತಪ್ಪಿದರೆಂದು ಗುರುತಿಸಿ. ಹದಿನೈದು ದಿನಗಳ ನಂತರ ಅದೇ ತಪ್ಪಿಗೆ ಹೊಸ ವಾಕ್ಯಗಳ ಹಾಳೆಯನ್ನು ಬರೆಸಿ ಮತ್ತೆ ನೋಡಿ. ಪ್ರಾಂಪ್ಟ್ ಬದಲಿಸಬೇಕಾಗಿಲ್ಲ, ಪದಗಳ ಪಟ್ಟಿಗೆ ಆ ಹದಿನೈದು ದಿನಗಳಲ್ಲಿ ಕಲಿತದ್ದನ್ನು ಸೇರಿಸಿದರಾಯಿತು. ನನ್ನ ಪುಸ್ತಕದಲ್ಲಿ ‘ವತಶಿ ನಿ’ ಎಂಬ ಸಾಲಿನ ಎದುರು ನಾಲ್ಕು ತಾರೀಖುಗಳಿವೆ. ಮೊದಲನೆಯದರ ಪಕ್ಕ 17 ಎಂದಿದೆ, ನಾಲ್ಕನೆಯದರ ಪಕ್ಕ 2. ‘ನಿ’ ಮತ್ತು ‘ದೆ’ಯ ಸಾಲಿನಲ್ಲಿ ಆರು ತಾರೀಖುಗಳಾಗಿವೆ, ಇನ್ನೂ 9ಕ್ಕಿಂತ ಕೆಳಗೆ ಇಳಿದಿಲ್ಲ. ಮುಂದಿನ ಸೋಮವಾರದ ಹಾಳೆ ಅದಕ್ಕೇ ಮೀಸಲು.